ಆನ್‌ಲೈನ್ ಆಟಗಳ ಶ್ರೇಯಾಂಕ ಮತ್ತು ನ್ಯಾಯದ ಲೆಕ್ಕ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ಈ ಸಭೆಯಲ್ಲಿ ಉದ್ಯೋಗಾವಕಾಶ, ಸ್ಪರ್ಧಾತ್ಮಕ ಪರೀಕ್ಷೆ, ವಿದ್ಯಾರ್ಥಿವೇತನ ಇವುಗಳ ಬಗ್ಗೆ ಭಾಷಣ ಇರುತ್ತದೆ. ಈ ಸಲ ನನ್ನನ್ನು ಕರೆದಾಗ ಕಾರ್ಯದರ್ಶಿಯವರಿಗೆ ಫೋನಿನಲ್ಲಿ, "ನಾನು ಆನ್‌ಲೈನ್ ಆಟಗಳ ಬಗ್ಗೆ ಮಾತಾಡುತ್ತೇನೆ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ, "ಮಕ್ಕಳ ಕೈಯಿಂದ ಮೊಬೈಲ್ ಬಿಡಿಸುವುದು ಹೇಗೆ ಎಂದಾದರೂ ಹೇಳಿ ಸರ್" ಎಂದರು. ಅದು ನನಗೆ ಗೊತ್ತಿಲ್ಲ. ನನ್ನ ಮನೆಯಲ್ಲಿಯೇ ಅದು ಸಾಧ್ಯವಾಗಿಲ್ಲ. ನಾನು ಗಣಿತದ ಮೇಷ್ಟ್ರು. ಲೆಕ್ಕದ ಮಟ್ಟಿಗೆ ಏನಾದರೂ ಹೇಳಬಲ್ಲೆ.

ಹಿರಿಯರಿಗೆ ಒಂದು ಸ್ಪಷ್ಟನೆ ಕೊಟ್ಟು ಮುಂದೆ ಹೋಗುತ್ತೇನೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿತು. ನಾನು ಆ ಆಟಗಳ ಬಗ್ಗೆ ಮಾತಾಡುತ್ತಿಲ್ಲ. ಹಣದ ಗೊಡವೆಯಿಲ್ಲದ, ಎದುರಾಳಿ ಮಾತ್ರ ಇರುವ ಆಟಗಳ ಬಗ್ಗೆ ಈ ಮಾತು.

ವಿಷಯ ಹುಟ್ಟಿದ್ದು ಮನೆಯಲ್ಲಿ. ನನ್ನ ತಂಗಿಯ ಮಗ, ಒಂಬತ್ತನೇ ತರಗತಿ, ಮೊಬೈಲಿನಲ್ಲಿ ಚೆಸ್ ಆಡುತ್ತಾನೆ. ಒಂದು ರಾತ್ರಿ ಮುಖ ಊದಿಸಿಕೊಂಡು ಬಂದ. "ಮಾಮ, ಇದು ಪೂರ್ತಿ ಮೋಸ. ಗೆದ್ದರೆ ಐದು ಅಂಕ ಕೊಡುತ್ತದೆ, ಸೋತರೆ ಹದಿನೈದು ಕಿತ್ತುಕೊಳ್ಳುತ್ತದೆ." ಅವನ ತಾಯಿಗೆ ಖುಷಿಯಾಯಿತು, ಇನ್ನಾದರೂ ಬಿಡುತ್ತಾನೆ ಎಂದು. ನಾನು ಪಂದ್ಯದ ವಿವರ ನೋಡಿದೆ. ಇವನ ರೇಟಿಂಗ್ 1600, ಎದುರಾಳಿಯದು 1400. ಹಾಗಿದ್ದರೆ ಐದು ಮತ್ತು ಹದಿನೈದು ಸರಿಯಾದ ಲೆಕ್ಕವೇ. ಯಾಕೆ ಸರಿ ಎಂಬುದನ್ನು ಅವನಿಗೆ ಒಪ್ಪಿಸಲು ನನಗೆ ಮೂರು ದಿನ ಬೇಕಾಯಿತು. ತಮಗೆ ಅಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ.

ಆದರೆ ಅದಕ್ಕೂ ಮೊದಲು ನಾನೇ ಮಾಡಿದ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಇಲ್ಲಿ ಕುಳಿತಿರುವ ಕೆಲವರಿಗೆ ಅದು ಗೊತ್ತೇ ಇದೆ.

2020ರ ಲಾಕ್‌ಡೌನ್‌ನಲ್ಲಿ ಹಾಸ್ಟೆಲ್ ಮುಚ್ಚಿತ್ತು. ಮಕ್ಕಳೆಲ್ಲ ಊರು ಸೇರಿದ್ದರು. ಅವರನ್ನು ಒಂದು ಕಡೆ ಹಿಡಿದಿಡಲು ನಾವು ಮೂವರು ಅಧ್ಯಾಪಕರು ಸೇರಿ ಆನ್‌ಲೈನ್ ಚೆಸ್ ಕೂಟವೊಂದನ್ನು ಶುರು ಮಾಡಿದೆವು. ನಿಯಮ ನಾನೇ ಬರೆದದ್ದು. ಗೆದ್ದವರಿಗೆ 3 ಅಂಕ, ಸಮವಾದರೆ 1, ಸೋತರೆ ಏನೂ ಇಲ್ಲ. ಯಾರು ಯಾರೊಂದಿಗೆ ಬೇಕಾದರೂ ಎಷ್ಟು ಬೇಕಾದರೂ ಆಡಬಹುದು. ಎರಡು ತಿಂಗಳ ಕೊನೆಗೆ ಒಬ್ಬ ಹುಡುಗ 140 ಆಟ ಆಡಿ 60 ಗೆದ್ದಿದ್ದ. 180 ಅಂಕ, ಮೊದಲ ಸ್ಥಾನ. ಒಬ್ಬಳು ಹುಡುಗಿ 22 ಆಟ ಆಡಿ 19 ಗೆದ್ದಿದ್ದಳು. 57 ಅಂಕ, ಹನ್ನೊಂದನೇ ಸ್ಥಾನ. ಆ ಮನೆಯಲ್ಲಿ ಇದ್ದದ್ದು ಒಂದೇ ಮೊಬೈಲ್. ಅದು ಅಣ್ಣನದು. ಅವನು ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಒಂದು ಗಂಟೆ ಅವಳ ಕೈಗೆ ಸಿಗುತ್ತಿತ್ತು. ಆ ಗಂಟೆಯಲ್ಲಿಯೇ ಕಾಲೇಜಿನ ನೋಟ್ಸ್ ಕೂಡ ಇಳಿಸಿಕೊಳ್ಳಬೇಕಿತ್ತು. ಕೂಟದ ಗುಂಪಿನಿಂದ ಹೊರಗೆ ಹೋಗುವಾಗ ನನಗೊಂದು ಸಂದೇಶ ಹಾಕಿದಳು: ಸರ್, ನನಗೆ ಇದರಲ್ಲಿ ಮೇಲೆ ಬರುವಷ್ಟು ಸಾಮರ್ಥ್ಯ ಇಲ್ಲ.

ಗಮನಿಸಿ, ಸಮಯ ಇಲ್ಲ ಎಂದು ಅವಳು ಬರೆದಿರಲಿಲ್ಲ. ಸಾಮರ್ಥ್ಯ ಇಲ್ಲ ಎಂದು ಬರೆದಿದ್ದಳು. 22ರಲ್ಲಿ 19 ಗೆದ್ದವಳು! ನಾನು ತಯಾರಿಸಿದ ಪಟ್ಟಿ ಅವಳಿಗೆ ಹಾಗೆ ಹೇಳಿತ್ತು, ಅವಳು ಅದನ್ನು ನಂಬಿದ್ದಳು. ಪಟ್ಟಿ ಅಳೆದದ್ದು ಆಟವನ್ನಲ್ಲ, ಮೊಬೈಲ್ ಕೈಯಲ್ಲಿದ್ದ ಗಂಟೆಗಳನ್ನು. ಇಂದಿಗೂ ಎಷ್ಟೋ ಮೊಬೈಲ್ ಆಟಗಳಲ್ಲಿ ಕಂಚು, ಬೆಳ್ಳಿ, ಚಿನ್ನ ಎಂದು ಮೇಲೇರುವ ಮೆಟ್ಟಿಲುಗಳಿವೆಯಲ್ಲ, ಅವುಗಳ ಕೆಳಗಿನ ಮೆಟ್ಟಿಲುಗಳು ಹೆಚ್ಚು ಕಡಿಮೆ ಹೀಗೆಯೇ. ಸೋತಾಗ ಕಡಿಮೆ ಕಳೆಯುತ್ತಾರೆ, ಗೆದ್ದಾಗ ಹೆಚ್ಚು ಕೂಡಿಸುತ್ತಾರೆ. ಬಿಡದೆ ಆಡುತ್ತಿದ್ದರೆ ಸಾಕು, ಮೇಲೆ ಹೋಗುತ್ತೀರಿ. ಆಟಗಾರನನ್ನು ಪರದೆಯ ಮುಂದೆ ಕೂರಿಸಲು ಒಳ್ಳೆಯ ಉಪಾಯ. ಅದನ್ನು ಶ್ರೇಯಾಂಕ ಎಂದು ಕರೆಯುವುದಷ್ಟೇ ತಪ್ಪು.

ಹಾಗಾದರೆ ಶೇಕಡಾವಾರು ಲೆಕ್ಕ ಹಾಕಿದರಾಯಿತಲ್ಲ ಎಂದು ತಮಗನಿಸಬಹುದು. ನನಗೂ ಅನಿಸಿತು. ಹಾಕಿ ನೋಡಿದೆ. ಮೂರೇ ಆಟ ಆಡಿ, ಮೂರನ್ನೂ ಆಗ ತಾನೇ ಕಲಿಯುತ್ತಿದ್ದವರ ಎದುರು ಗೆದ್ದ ಒಬ್ಬ ಜಾಣ ನೂರಕ್ಕೆ ನೂರು ಎಂದು ತಲೆಯ ಮೇಲೆ ಬಂದು ಕುಳಿತ. ಇನ್ನು ಅವನು ಯಾಕೆ ಆಡಬೇಕು?

ಇಲ್ಲಿ ನಮಗೆ ನೆರವಿಗೆ ಬರುವವರು ಆರ್ಪಾಡ್ ಎಲೋ. ಆಟವಾಡುವ ಹುಡುಗರು ಎಲೋ ಎಂಬುದನ್ನು ಇಂಗ್ಲಿಷಿನ ಮೂರು ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಾರೆ, ಯಾವುದೋ ಸಂಕ್ಷೇಪ ಎಂದುಕೊಂಡು. ಅದು ಒಬ್ಬ ಮೇಷ್ಟ್ರ ಹೆಸರು. 1903ರಲ್ಲಿ ಹಂಗೇರಿಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದು, ಮಿಲ್ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸಿದವರು. ಸ್ವತಃ ಒಳ್ಳೆಯ ಚೆಸ್ ಆಟಗಾರ. ಅವರ ಪದ್ಧತಿಯನ್ನು ಅಮೆರಿಕದ ಚೆಸ್ ಒಕ್ಕೂಟ 1960ರಲ್ಲಿ, ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡವು. ಇಂದಿನ ಆನ್‌ಲೈನ್ ಆಟಗಳ ಶ್ರೇಯಾಂಕ ಲೆಕ್ಕಗಳಲ್ಲಿ ಬಹುಪಾಲು ಇವರ ಮಕ್ಕಳು ಮೊಮ್ಮಕ್ಕಳೇ.

ಎಲೋ ಅವರ ಯೋಚನೆ ಬಹಳ ಸರಳ. ಗೆಲುವಿಗೆ ತನ್ನಷ್ಟಕ್ಕೆ ಬೆಲೆಯಿಲ್ಲ, ಯಾರ ಎದುರು ಗೆದ್ದಿರಿ ಎಂಬುದಕ್ಕೆ ಬೆಲೆ. ಇಬ್ಬರ ರೇಟಿಂಗ್ ನಡುವಿನ ಅಂತರ ನೋಡಿ, ಇವನು ಎಷ್ಟು ಗೆಲ್ಲಬಹುದು ಎಂದು ಆಟಕ್ಕೆ ಮೊದಲೇ ಅಂದಾಜು ಮಾಡುತ್ತೇವೆ. ಅಂತರ ಸೊನ್ನೆಯಾದರೆ ಅರ್ಧಕ್ಕರ್ಧ. 100 ಇದ್ದರೆ ನೂರರಲ್ಲಿ 64. 200 ಇದ್ದರೆ 76. 400 ಇದ್ದರೆ ಸುಮಾರು 91. ಆಟ ಮುಗಿದ ಮೇಲೆ ನಿಜವಾದ ಫಲಿತಾಂಶದಿಂದ ಅಂದಾಜನ್ನು ಕಳೆಯುತ್ತೇವೆ. ಉಳಿದದ್ದನ್ನು ಒಂದು ಸಂಖ್ಯೆಯಿಂದ ಗುಣಿಸಿ ಅವನ ರೇಟಿಂಗ್‌ಗೆ ಸೇರಿಸುತ್ತೇವೆ. ಆ ಗುಣಕಕ್ಕೆ ಕೆ ಎಂದು ಹೆಸರು.

ಈಗ ನನ್ನ ತಂಗಿಯ ಮಗನ ಪಂದ್ಯಕ್ಕೆ ಬನ್ನಿ. ಅಂತರ 200, ಅಂದಾಜು 0.76. ಕೆ 20 ಎಂದು ಇಟ್ಟುಕೊಳ್ಳಿ. ಗೆದ್ದರೆ 1ರಿಂದ 0.76 ಕಳೆದು 0.24, ಇಪ್ಪತ್ತರಿಂದ ಗುಣಿಸಿದರೆ ಸುಮಾರು 5. ಸೋತರೆ 0.76 ಗುಣಿಸು 20, ಸುಮಾರು 15 ನಷ್ಟ. ಮೋಸ ಎಲ್ಲಿದೆ? ಅವನಷ್ಟು ಬಲದವನು ಅಂಥ ಎದುರಾಳಿಯೊಂದಿಗೆ ನಾಲ್ಕು ಆಟ ಆಡಿದರೆ ಮೂರು ಗೆಲ್ಲಬೇಕು, ಒಂದು ಸೋಲಬೇಕು. ಮೂರು ಐದಲ ಹದಿನೈದು ಬಂತು, ಒಂದು ಸೋಲಿಗೆ ಹದಿನೈದು ಹೋಯಿತು. ಅವನು ಇದ್ದಲ್ಲಿಯೇ ಇದ್ದಾನೆ. ಮೇಲೆ ಹೋಗಬೇಕಾದರೆ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಗೆಲ್ಲಬೇಕು, ಅಥವಾ ತನಗಿಂತ ಬಲವಾದವರ ಎದುರು ಕೂರಬೇಕು. ದುರ್ಬಲರನ್ನು ಹುಡುಕಿ ಹುಡುಕಿ ಸೋಲಿಸಿದರೆ ಪ್ರಯೋಜನ ಇಲ್ಲ. "ಹಾಗಾದರೆ ನಾನು ಮೊನ್ನೆ 1800ರವನನ್ನು ಸೋಲಿಸಿದಾಗ?" ಎಂದು ಕೇಳಿದ. ಅಂದು 15 ಬಂದಿತ್ತು. ಆಗ ಮೋಸ ಅನಿಸಿರಲಿಲ್ಲವೇ ಎಂದು ಕೇಳಿದೆ.

ಹಳೆಯ ಕೂಟದ ಎಲ್ಲ ಆಟಗಳ ಪಟ್ಟಿ ನನ್ನ ಬಳಿ ಇತ್ತು. ಎಲ್ಲರಿಗೂ 1500 ಕೊಟ್ಟು, ಮೊದಲ ಆಟದಿಂದ ಮತ್ತೆ ಲೆಕ್ಕ ಹಾಕಿದೆ. ಹನ್ನೊಂದನೆಯವಳು ಎರಡನೇ ಸ್ಥಾನಕ್ಕೆ ಬಂದಳು. ಮೊದಲನೆಯವನು ನಡುವಿಗೆ ಇಳಿದ. ನಾನು ಬಹಳ ಹೆಮ್ಮೆಯಿಂದ ಅವಳಿಗೆ ಫೋನ್ ಮಾಡಿದೆ. ಅವಳು ಪಟ್ಟಿ ಕಳಿಸಿ ಎಂದಳು. ಕಳಿಸಿದೆ. ಎರಡು ದಿನ ಬಿಟ್ಟು ಫೋನ್ ಮಾಡಿ ಹೇಳಿದಳು: "ಸರ್, ನಾನಾಡಿದ 22 ಆಟಗಳಲ್ಲಿ 15 ಆಟ ಹೊಸದಾಗಿ ಸೇರಿದವರ ಜೊತೆ. ಅವರೆಲ್ಲರಿಗೂ ನೀವು 1500 ಎಂದು ಬರೆದಿದ್ದೀರಿ. ಅದು ಅವರ ಬಲವಲ್ಲ, ನಮಗೆ ಗೊತ್ತಿಲ್ಲ ಎಂಬುದಕ್ಕೆ ಹಾಕಿದ ಸಂಖ್ಯೆ. ಹಾಗಾದರೆ ನನ್ನ ಎರಡನೇ ಸ್ಥಾನ ಮಾತ್ರ ಹೇಗೆ ಸರಿಯಾಗುತ್ತದೆ?"

ಮೇಷ್ಟ್ರಾದವನಿಗೆ ಇಂಥ ಫೋನ್ ವರ್ಷಕ್ಕೊಂದು ಬಂದರೂ ಸಾಕು.

ಅವಳು ಕೇಳಿದ್ದು ಎಲೋ ಪದ್ಧತಿಯ ನಿಜವಾದ ದೌರ್ಬಲ್ಯ. 1500 ಎಂದು ಬರೆದ ಇಬ್ಬರಲ್ಲಿ ಒಬ್ಬ ಐನೂರು ಆಟ ಆಡಿ ಅಲ್ಲಿಗೆ ಬಂದವನು, ಇನ್ನೊಬ್ಬ ನಿನ್ನೆ ಸೇರಿದವನು. ಲೆಕ್ಕಕ್ಕೆ ಇಬ್ಬರೂ ಒಂದೇ. ಫಿಡೆ ಇದನ್ನು ಕೆ ಗುಣಕದಿಂದ ಸ್ವಲ್ಪ ಸರಿಪಡಿಸುತ್ತದೆ. ಹೊಸಬರಿಗೆ ಮೊದಲ 30 ಆಟಗಳವರೆಗೆ ಕೆ 40, ಆಮೇಲೆ 20, ಒಮ್ಮೆ 2400 ಮುಟ್ಟಿದವರಿಗೆ 10. ಹೊಸಬ ಬೇಗ ಏರುತ್ತಾನೆ, ಬೇಗ ಇಳಿಯುತ್ತಾನೆ, ಹಳಬ ನಿಧಾನ. ಆದರೆ ಎದುರಾಳಿ ಹೊಸಬನೋ ಹಳಬನೋ ಎಂಬುದನ್ನು ಆ ಲೆಕ್ಕ ಆಗಲೂ ಕೇಳುವುದಿಲ್ಲ.

ಅದನ್ನು ಕೇಳಿದವರು ಮಾರ್ಕ್ ಗ್ಲಿಕ್‌ಮನ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞ, 1995ರಲ್ಲಿ. ಅವರ ಗ್ಲಿಕೋ ಪದ್ಧತಿಯಲ್ಲಿ ಪ್ರತಿಯೊಬ್ಬನಿಗೂ ಎರಡು ಸಂಖ್ಯೆಗಳು. ಒಂದು ರೇಟಿಂಗ್. ಇನ್ನೊಂದು, ಆ ರೇಟಿಂಗ್ ಮೇಲೆ ನಮಗೆಷ್ಟು ಅನುಮಾನವಿದೆ ಎಂಬುದು. ಹೊಸಬನ ಅನುಮಾನ 350. ಅಂದರೆ ಅವನನ್ನು 1500 ಎಂದು ಬರೆದಿದ್ದರೂ, ಅವನ ನಿಜವಾದ ಬಲ 800ರಿಂದ 2200ರವರೆಗೆ ಎಲ್ಲಿ ಬೇಕಾದರೂ ಇರಬಹುದು ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಂತೆ. ಆಡುತ್ತಾ ಹೋದಂತೆ ಅನುಮಾನ ಇಳಿಯುತ್ತದೆ. ಅದು 50ಕ್ಕೆ ಬಂದರೆ 1400ರಿಂದ 1600ರ ನಡುವೆ ಎಂದು ಧೈರ್ಯವಾಗಿ ಹೇಳಬಹುದು. ಬಹಳ ದಿನ ಆಡದೆ ಇದ್ದರೆ ಮತ್ತೆ ಏರುತ್ತದೆ. ನಿಮ್ಮ ಎದುರಾಳಿಯ ಅನುಮಾನ ದೊಡ್ಡದಾಗಿದ್ದರೆ ಅವನ ಎದುರಿನ ಗೆಲುವು ಸೋಲು ನಿಮ್ಮ ರೇಟಿಂಗನ್ನು ಹೆಚ್ಚು ಅಲುಗಾಡಿಸುವುದಿಲ್ಲ. ಹುಡುಗಿ ಕೇಳಿದ ಪ್ರಶ್ನೆಗೆ ಇದೇ ಉತ್ತರ. ಇದರ ಎರಡನೇ ರೂಪವಾದ ಗ್ಲಿಕೋ-2 ಅನ್ನು ಲಿಚೆಸ್ ಎಂಬ ಉಚಿತ ಚೆಸ್ ತಾಣ ಬಳಸುತ್ತದೆ. ಅಲ್ಲಿ ಹೊಸಬರ ರೇಟಿಂಗ್ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ನೋಡದವರು ನೋಡಿ.

ಆ ಪ್ರಶ್ನಾರ್ಥಕ ಚಿಹ್ನೆ ನನಗೆ ಬಹಳ ಇಷ್ಟ. ನಮ್ಮ ಪರೀಕ್ಷೆಗಳ ಅಂಕಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ. ಒಂದು ದಿನ, ಮೂರು ಗಂಟೆ, ಒಂದು ಸಂಖ್ಯೆ. ಹಿಂದಿನ ರಾತ್ರಿ ಜ್ವರ ಬಂದಿತ್ತೇ, ಬಸ್ಸು ತಪ್ಪಿತ್ತೇ ಯಾರಿಗೂ ಗೊತ್ತಿಲ್ಲ. 4,212ನೇ ರ‍್ಯಾಂಕ್ ಬಂದವನಿಗೂ 4,650ನೇ ರ‍್ಯಾಂಕ್ ಬಂದವನಿಗೂ ನಿಜವಾಗಿ ವ್ಯತ್ಯಾಸವಿದೆಯೇ ಎಂದು ಯಾರೂ ಕೇಳುವುದಿಲ್ಲ. ಪರೀಕ್ಷೆ ನಡೆಸುವವರಿಗೆ ಸೀಟು ಹಂಚುವ ತುರ್ತು ಇರುತ್ತದೆ, ಒಪ್ಪುತ್ತೇನೆ. ಒಂದು ಆಟದ ತಾಣ ತೋರಿಸುವ ಸಂಕೋಚವನ್ನು ನಾವು ಮಕ್ಕಳ ಬಗ್ಗೆ ತೋರಿಸುವುದಿಲ್ಲವಲ್ಲ ಎಂದು ಮಾತ್ರ ಅನಿಸುತ್ತದೆ. ಇರಲಿ, ಆಟಕ್ಕೆ ಬರೋಣ.

ಚೆಸ್‌ನಲ್ಲಿ ಇಬ್ಬರೇ. ಇಂದು ಹುಡುಗರು ಹೆಚ್ಚಾಗಿ ಆಡುವುದು ಗುಂಪಿನ ಆಟಗಳನ್ನು. ನಾಲ್ವರು ಈ ಕಡೆ, ನಾಲ್ವರು ಆ ಕಡೆ. ಗೆದ್ದರೆ ಗುಂಪು ಗೆಲ್ಲುತ್ತದೆ. ಅದರಲ್ಲಿ ಯಾರ ಪಾಲೆಷ್ಟು? ಕೇರಂ ಡಬಲ್ಸ್ ಆಡಿದವರಿಗೆ ಈ ಸಂಕಟ ಗೊತ್ತು. ನೀವು ಎಷ್ಟೇ ಚೆನ್ನಾಗಿ ಆಡಿದರೂ ಎದುರಿಗೆ ಕುಳಿತ ಜೊತೆಗಾರ ರೆಡ್ ಹಾಕಿ ಕವರ್ ತಪ್ಪಿಸಿದರೆ ಮುಗಿಯಿತು.

ಮೈಕ್ರೋಸಾಫ್ಟ್ ಸಂಸ್ಥೆಯ ಕೇಂಬ್ರಿಡ್ಜ್ ಸಂಶೋಧನಾ ಕೇಂದ್ರದಲ್ಲಿ ರಾಲ್ಫ್ ಹರ್ಬ್ರಿಕ್, ಟಾಮ್ ಮಿಂಕಾ, ಥೋರ್ ಗ್ರೇಪೆಲ್ ಎಂಬವರು ಇದಕ್ಕಾಗಿ ಟ್ರೂಸ್ಕಿಲ್ ಎಂಬ ಪದ್ಧತಿ ರೂಪಿಸಿದರು. 2005ರಲ್ಲಿ ಎಕ್ಸ್‌ಬಾಕ್ಸ್ 360 ಬಂದಾಗ ಅದರ ಆನ್‌ಲೈನ್ ಆಟಗಳಿಗೆ ಇದೇ ಲೆಕ್ಕ. ಇದರಲ್ಲಿಯೂ ಎರಡು ಸಂಖ್ಯೆ. ಹೊಸಬನಿಗೆ ಬಲ 25, ಅನುಮಾನ ಅದರ ಮೂರನೇ ಒಂದು ಭಾಗ, 8.33. ಗುಂಪಿನ ಬಲವೆಂದರೆ ಅದರಲ್ಲಿರುವವರ ಬಲಗಳ ಮೊತ್ತ. ಫಲಿತಾಂಶ ಬಂದ ಮೇಲೆ, ಯಾರ ಮೇಲೆ ಅನುಮಾನ ಹೆಚ್ಚಿದೆಯೋ ಅವರ ಸಂಖ್ಯೆ ಹೆಚ್ಚು ಬದಲಾಗುತ್ತದೆ. ಇಂದು ಒಬ್ಬರ ಜೊತೆ, ನಾಳೆ ಇನ್ನೊಬ್ಬರ ಜೊತೆ ಎಂದು ಹಲವು ಗುಂಪುಗಳಲ್ಲಿ ಆಡಿದ ಮೇಲೆ, ಎಲ್ಲಿ ಹೋದರೂ ಗೆಲುವನ್ನು ತರುವವನು ಯಾರು ಎಂಬುದು ತಾನಾಗಿ ಹೊರಬರುತ್ತದೆ. ಪಟ್ಟಿಯಲ್ಲಿ ತೋರಿಸುವಾಗ ಬಲದಿಂದ ಅನುಮಾನದ ಮೂರು ಪಟ್ಟು ಕಳೆದು ತೋರಿಸುತ್ತಾರೆ. ಹೊಸಬನಿಗೆ 25ರಿಂದ 25 ಕಳೆದು ಸೊನ್ನೆ. ಆ ಸೊನ್ನೆಗೆ ನೀನು ಕೆಲಸಕ್ಕೆ ಬಾರದವನು ಎಂಬ ಅರ್ಥವಿಲ್ಲ. ನಿನ್ನನ್ನು ನಾವಿನ್ನೂ ನೋಡಿಲ್ಲ ಎಂದಷ್ಟೇ.

ಇಲ್ಲಿ ಹುಡುಗರು ಯಾವಾಗಲೂ ಎತ್ತುವ ಆಕ್ಷೇಪಣೆ ಒಂದಿದೆ. "ಸರ್, ನಾನೊಬ್ಬನೇ ಹತ್ತು ಮಂದಿಯನ್ನು ಹೊಡೆದೆ. ಗುಂಪು ಸೋತದ್ದಕ್ಕೆ ನನ್ನ ಅಂಕ ಯಾಕೆ ಹೋಗಬೇಕು?" ಸರಿಯಾದ ಪ್ರಶ್ನೆ. ಹೊಡೆದದ್ದಕ್ಕೆ ಅಂಕ ಕೊಟ್ಟರೆ ಏನಾಗುತ್ತದೆ ಎಂದೂ ಯೋಚಿಸಿ. ಗಾಯಗೊಂಡವನನ್ನು ಎಬ್ಬಿಸುವವರು ಯಾರೂ ಇರುವುದಿಲ್ಲ. ಕೋಟೆ ಕಾಯುವವರು ಇರುವುದಿಲ್ಲ. ಎಲ್ಲರೂ ಹೊಡೆಯಲು ಓಡುತ್ತಾರೆ, ಗುಂಪು ಸೋಲುತ್ತದೆ, ಅಂಕ ಬರುತ್ತದೆ. ಲೆಕ್ಕ ಯಾವುದಕ್ಕೆ ಬೆಲೆ ಕೊಡುತ್ತದೆಯೋ ಆಟ ಆ ಕಡೆಗೇ ವಾಲುತ್ತದೆ. 2018ರಲ್ಲಿ ಬಂದ ಟ್ರೂಸ್ಕಿಲ್-2 ಈ ಮಾಹಿತಿಯನ್ನು ಒಳಗೆ ತೆಗೆದುಕೊಂಡಿತು. ಎಷ್ಟು ಹೊಡೆದ, ಎಷ್ಟು ಅನುಭವಿ, ಗೆಳೆಯರ ಗುಂಪಿನೊಂದಿಗೆ ಬಂದನೋ ಒಬ್ಬನೇ ಬಂದನೋ, ಅರ್ಧದಲ್ಲಿ ಎದ್ದು ಹೋಗುವ ಚಾಳಿ ಇದೆಯೋ ಎಲ್ಲವನ್ನೂ ನೋಡಿತು. ಹೇಲೋ 5 ಎಂಬ ಆಟದ ಹಳೆಯ ಪಂದ್ಯಗಳ ಮೇಲೆ ಪರೀಕ್ಷಿಸಿದಾಗ ಹಳೆಯ ಪದ್ಧತಿ ನೂರರಲ್ಲಿ 52 ಪಂದ್ಯಗಳ ಫಲಿತಾಂಶವನ್ನು ಸರಿಯಾಗಿ ಊಹಿಸಿದ್ದರೆ, ಹೊಸದು 68. ನಾಣ್ಯ ಚಿಮ್ಮಿದರೂ 50 ಸಿಗುತ್ತದೆ ಎಂಬುದನ್ನು ನೆನಪಿಡಿ. ಗುಂಪಿನ ಆಟದಲ್ಲಿ ಒಬ್ಬನನ್ನು ಅಳೆಯುವುದು ಅಷ್ಟು ಕಷ್ಟ.

ಇನ್ನು ಕಳ್ಳದಾರಿಗಳು. ಇವುಗಳ ಬಗ್ಗೆ ನನಗಿಂತ ಮುಂದಿನ ಸಾಲಿನ ಹುಡುಗರು ಚೆನ್ನಾಗಿ ಹೇಳಬಲ್ಲರು, ನಗುತ್ತಿದ್ದಾರೆ ನೋಡಿ. ಬಲವಾದ ಆಟಗಾರ ಹೊಸ ಖಾತೆ ತೆರೆದು, ಹೊಸಬನಂತೆ ಬಂದು, ಕಲಿಯುವವರನ್ನು ಚಚ್ಚುವುದಕ್ಕೆ ಸ್ಮರ್ಫ್ ಎನ್ನುತ್ತಾರೆ. 1996ರ ಸುಮಾರಿಗೆ ವಾರ್‌ಕ್ರಾಫ್ಟ್-2 ಆಡುತ್ತಿದ್ದ ಇಬ್ಬರು ಪರಿಣತರ ಹೆಸರು ಕಂಡರೆ ಯಾರೂ ಆಡಲು ಬರುತ್ತಿರಲಿಲ್ಲವಂತೆ. ಅವರು ಕಾರ್ಟೂನಿನ ಸ್ಮರ್ಫ್‌ಗಳ ಹೆಸರು ಇಟ್ಟುಕೊಂಡು ಬಂದರು, ಪದ ಉಳಿಯಿತು. ನಮಗೆ ಇದು ಹೊಸತೇನಲ್ಲ. ಊರಿನ ವಾಲಿಬಾಲ್ ಪಂದ್ಯಾಟದಲ್ಲಿ ಹೊರಗಿನ ಪಳಗಿದ ಆಟಗಾರನನ್ನು ಇನ್ಯಾರದೋ ಹೆಸರಿನಲ್ಲಿ ಇಳಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಡೋಟಾ-2 ಆಟದ ಒಡೆಯರಾದ ವಾಲ್ವ್ ಕಂಪೆನಿ 2023ರ ಸೆಪ್ಟೆಂಬರ್‌ನಲ್ಲಿ ಇಂಥ 90,000 ಖಾತೆಗಳನ್ನು ಮುಚ್ಚಿತು. ಇದರ ತಿರುವು ಮುರುವು ಇನ್ನೊಂದು: ಹಣ ಕೊಟ್ಟು ಬೇರೆಯವರಿಂದ ತನ್ನ ಖಾತೆಯಲ್ಲಿ ಆಡಿಸಿ ಶ್ರೇಯಾಂಕ ಏರಿಸಿಕೊಳ್ಳುವುದು. ದಕ್ಷಿಣ ಕೊರಿಯಾ ಇದನ್ನು ವ್ಯಾಪಾರವಾಗಿ ಮಾಡುವವರ ವಿರುದ್ಧ 2018ರ ಡಿಸೆಂಬರ್‌ನಲ್ಲಿ ಕಾನೂನನ್ನೇ ತಂದಿತು. ಗರಿಷ್ಠ ಎರಡು ವರ್ಷ ಜೈಲು, ಅಥವಾ ಎರಡು ಕೋಟಿ ವೋನ್‌ವರೆಗೆ ದಂಡ.

ಯಾವ ಮೋಸವೂ ಇಲ್ಲದೆ ಲೆಕ್ಕ ಕೆಡುವುದೂ ಉಂಟು. ಅಮೆರಿಕದ ವರ್ಜೀನಿಯಾದ ಜೈಲಿನಲ್ಲಿ ಕ್ಲಾಡ್ ಬ್ಲಡ್‌ಗುಡ್ ಎಂಬ ಜೀವಾವಧಿ ಕೈದಿ ಇದ್ದ. ಚೆಸ್ ಹುಚ್ಚಿನವನು. ಜೈಲಿನೊಳಗೆ ಕೈದಿಗಳಿಗೆ ಚೆಸ್ ಕಲಿಸಿ, ಒಕ್ಕೂಟದ ಸದಸ್ಯರನ್ನಾಗಿ ಮಾಡಿ, ಅವರ ಜೊತೆ ಸಾವಿರಾರು ಆಟ ಆಡಿದ. ಹೊಸ ಕೈದಿ ಬಂದು ಒಂದಿಷ್ಟು ರೇಟಿಂಗ್ ಪಡೆಯುತ್ತಿದ್ದ, ಇವನ ಎದುರು ಸೋಲುತ್ತಿದ್ದ, ಆ ಅಂಕ ಇವನಿಗೆ ಬರುತ್ತಿತ್ತು. 1996ರ ಹೊತ್ತಿಗೆ ಇವನ ರೇಟಿಂಗ್ 2700 ದಾಟಿ, ಅಮೆರಿಕದ ಪಟ್ಟಿಯಲ್ಲಿ ಎರಡನೆಯವನಾದ! ಬೇಕೆಂದೇ ಮಾಡಿದ ಎಂದು ಕೆಲವರು ದೂರಿದರು, ಅವನು ಒಪ್ಪಲಿಲ್ಲ. ಜೈಲಿನಲ್ಲಿರುವವನು ಹೊರಗೆ ಹೋಗಿ ಯಾರೊಂದಿಗೆ ಆಡಬೇಕು? ಒಂದೇ ಕೊಳದೊಳಗೆ ಸುತ್ತುವ ರೇಟಿಂಗ್ ಆ ಕೊಳಕ್ಕೆ ಮಾತ್ರ ಅನ್ವಯಿಸುತ್ತದೆ, ಬೇರೆ ಕೊಳದೊಂದಿಗೆ ಹೋಲಿಸುವಂತಿಲ್ಲ. ನಮ್ಮ ಹಾಸ್ಟೆಲ್ ಹುಡುಗ 1800 ಎಂದು ಬೀಗಿ ಜಿಲ್ಲಾ ಪಂದ್ಯಕ್ಕೆ ಹೋಗಿ ಮೊದಲ ಸುತ್ತಿನಲ್ಲಿ ಸೋತು ಬಂದದ್ದಕ್ಕೆ ಕಾರಣ ಇದು.

ಇದಕ್ಕೆ ವಿರುದ್ಧವಾದ ರೋಗವೂ ಇದೆ. ಮಕ್ಕಳು ಕಡಿಮೆ ರೇಟಿಂಗ್‌ನಿಂದ ಶುರು ಮಾಡಿ, ಆರು ತಿಂಗಳಲ್ಲಿ ಬೆಳೆದುಬಿಡುತ್ತಾರೆ. ಅವರ ಸಂಖ್ಯೆ ಹಿಂದೆ ಉಳಿದಿರುತ್ತದೆ. ಅವರೆದುರು ಕುಳಿತ ದೊಡ್ಡವರು ತಮ್ಮ ತಪ್ಪಿಲ್ಲದೆ ಅಂಕ ಕಳೆದುಕೊಳ್ಳುತ್ತಾರೆ. ವರ್ಷಗಳು ಕಳೆದಂತೆ ಇಡೀ ಪಟ್ಟಿಯ ಕೆಳಭಾಗ ಕುಸಿಯುತ್ತದೆ. ಫಿಡೆಗೆ ಇದು ಎಷ್ಟು ತಲೆನೋವಾಯಿತೆಂದರೆ, 2024ರ ಮಾರ್ಚ್ 1ರಿಂದ 2000ಕ್ಕಿಂತ ಕೆಳಗಿದ್ದ ಎಲ್ಲರನ್ನೂ ಒಂದೇ ಸಲ ಮೇಲೆತ್ತಿತು. 2000ಕ್ಕೆ ಎಷ್ಟು ಕಡಿಮೆಯೋ ಅದರ ಹತ್ತರಲ್ಲಿ ನಾಲ್ಕು ಪಾಲು ಸೇರಿಸಿತು. 1000 ಇದ್ದವರು 1400 ಆದರು, 1500 ಇದ್ದವರು 1700. ಅರವತ್ತು ವರ್ಷ ಹಳೆಯ, ಜಗತ್ತೇ ನಂಬಿದ ಲೆಕ್ಕಕ್ಕೂ ಹೀಗೆ ಕೈ ಹಾಕಿ ಸರಿಮಾಡಬೇಕಾಯಿತು.

ನನ್ನನ್ನು ಹೆಚ್ಚು ಕಾಡಿದ್ದು ಇವು ಯಾವುವೂ ಅಲ್ಲ, ಕರೆಂಟ್. ಮಳೆಗಾಲದಲ್ಲಿ ನಮ್ಮ ಕಡೆ ಗಾಳಿ ಎದ್ದರೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕ್ ಹೋಗುತ್ತದೆ. ಆಟದ ಯಂತ್ರಕ್ಕೆ ಕಾಣುವುದು ಒಂದೇ: ಇವನು ಅರ್ಧದಲ್ಲಿ ಎದ್ದು ಹೋದ. ಸೋಲುತ್ತೇನೆಂದು ಸಿಟ್ಟಿನಿಂದ ಬಿಟ್ಟವನೂ, ಮನೆಯ ಮೇಲೆ ತೆಂಗಿನ ಗರಿ ಬಿದ್ದವನೂ ಅದಕ್ಕೆ ಒಂದೇ. ಶಿಕ್ಷೆ ಕೊಡದಿದ್ದರೆ ಸೋಲುವವರೆಲ್ಲ ವೈಫೈ ಬಂದ್ ಮಾಡುತ್ತಾರೆ. ಕೊಟ್ಟರೆ ಹಳ್ಳಿಯ ಹುಡುಗ ಪ್ರತಿ ಜೂನ್ ತಿಂಗಳಲ್ಲಿ ಪಟ್ಟಿಯ ತಳ ಸೇರುತ್ತಾನೆ. ಒಂದು ಪಂದ್ಯ ನೋಡಿ ತೀರ್ಪು ಕೊಡಲಾಗುವುದಿಲ್ಲ, ನೂರು ಪಂದ್ಯ ನೋಡಿದರೆ ಕೊಡಬಹುದು. ಸಿಟ್ಟಿನವನು ಬಿಟ್ಟು ಹೋಗುವುದು ಸೋಲುವ ಆಟಗಳಲ್ಲಿ ಮಾತ್ರ. ಕರೆಂಟ್ ಹೋಗುವಾಗ ನೀವು ಗೆಲ್ಲುತ್ತಿದ್ದೀರಾ ಸೋಲುತ್ತಿದ್ದೀರಾ ಎಂದು ನೋಡಿ ಹೋಗುವುದಿಲ್ಲ. ಕಡಿದುಹೋದ ಆಟಗಳಲ್ಲಿ ಗೆಲ್ಲುವ ಸ್ಥಿತಿಯಲ್ಲಿದ್ದವು ಎಷ್ಟು ಎಂದು ಎಣಿಸಿದರೆ ಮನುಷ್ಯನೂ ಮಳೆಯೂ ಬೇರೆ ಬೇರೆಯಾಗಿ ಕಾಣುತ್ತವೆ. ನಮ್ಮ ಕೂಟಕ್ಕೆ ಈ ನಿಯಮ ಸೇರಿಸಿದ್ದೇವೆ. ಇದನ್ನು ಸೂಚಿಸಿದವಳು ಅದೇ ಹುಡುಗಿ. ಈಗ ಎಂ.ಸಿ.ಎ. ಓದುತ್ತಿದ್ದಾಳೆ, ಕೂಟದ ಲೆಕ್ಕದ ಪ್ರೋಗ್ರಾಂ ಬರೆದವಳೂ ಅವಳೇ.

ಎಲ್ಲವೂ ಸರಿಯಾಗಿ ನಡೆದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಪ್ರತಿಯೊಬ್ಬನಿಗೂ ಸಮಬಲದ ಎದುರಾಳಿ ಸಿಕ್ಕರೆ, ಪ್ರತಿಯೊಬ್ಬನೂ ಸುಮಾರು ಅರ್ಧ ಆಟ ಗೆಲ್ಲುತ್ತಾನೆ, ಅರ್ಧ ಸೋಲುತ್ತಾನೆ. ಇಂದು ಅರ್ಧ, ಮುಂದಿನ ವರ್ಷ ಎರಡು ಪಟ್ಟು ಚೆನ್ನಾಗಿ ಆಡಿದರೂ ಅರ್ಧ, ಯಾಕೆಂದರೆ ಎದುರಾಳಿಯೂ ಬಲವಾಗಿರುತ್ತಾನೆ. ಹದಿಮೂರರ ಹುಡುಗನಿಗೆ ಇದು ತಾನು ನಿಂತಲ್ಲೇ ನಿಂತಂತೆ ಕಾಣುತ್ತದೆ. ಆಟದ ಕಂಪೆನಿಗಳಿಗೆ ಇದು ಗೊತ್ತು. 2013ರಲ್ಲಿ ಲೀಗ್ ಆಫ್ ಲೆಜೆಂಡ್ಸ್ ಆಟದವರು ರೇಟಿಂಗ್ ಸಂಖ್ಯೆಯನ್ನು ಒಳಗೆ ಬಚ್ಚಿಟ್ಟು, ಹೊರಗೆ ಕಂಚು ಬೆಳ್ಳಿ ಚಿನ್ನದ ಮೆಟ್ಟಿಲುಗಳನ್ನು ತೋರಿಸಲು ಶುರು ಮಾಡಿದರು. ಎದುರಾಳಿಯನ್ನು ಹುಡುಕುವುದು ಬಚ್ಚಿಟ್ಟ ಸಂಖ್ಯೆಯಿಂದ, ಸಂತೋಷಪಡಿಸುವುದು ಮೆಟ್ಟಿಲಿನಿಂದ. ಇದು ಮೋಸವೇ? ಪೂರ್ತಿ ಮೋಸ ಎನ್ನಲಾರೆ. ನನಗೆ ಹಿಡಿಸುವುದಿಲ್ಲ ಅಷ್ಟೇ. ಯಾವ ಲೆಕ್ಕದಿಂದ ನನ್ನನ್ನು ಅಳೆಯುತ್ತಾರೋ ಆ ಲೆಕ್ಕವನ್ನು ನೋಡುವ ಹಕ್ಕು ನನಗಿರಬೇಕು.

ಆಟ ನಿಲ್ಲಿಸಿ ಅಂಕ ಕಾಪಾಡಿಕೊಳ್ಳುವವರನ್ನು ಏನು ಮಾಡುವುದು ಎಂದು ಬೆಳಿಗ್ಗೆ ಒಬ್ಬ ವಿದ್ಯಾರ್ಥಿ ಕೇಳಿದ. ಕೆಲವು ಆಟಗಳಲ್ಲಿ ಆಡದೆ ಕುಳಿತರೆ ದಿನ ದಿನಕ್ಕೆ ಅಂಕ ಕಳೆಯುತ್ತಾರೆ. ಅದು ನಮಗೆ ಬೇಡ. ಮಾರ್ಚ್‌ನಲ್ಲಿ ಪರೀಕ್ಷೆಗೆ ಓದಲು ಕುಳಿತವನಿಗೆ ಅದು ದಂಡ ಹಾಕಿದಂತೆ. ರೇಟಿಂಗ್ ಮುಟ್ಟುವುದಿಲ್ಲ, ಅನುಮಾನ ಮಾತ್ರ ಏರುತ್ತದೆ. ಪಟ್ಟಿಯನ್ನು ರೇಟಿಂಗ್‌ನಿಂದ ಅನುಮಾನದ ಎರಡು ಪಟ್ಟು ಕಳೆದು ಜೋಡಿಸುವುದರಿಂದ ಅವನು ತಾನಾಗಿ ಸ್ವಲ್ಪ ಕೆಳಗೆ ಸರಿಯುತ್ತಾನೆ. ಬಂದು ಹತ್ತು ಆಟ ಆಡಿದರೆ, ಮೊದಲಿನ ಬಲ ಇದ್ದರೆ, ಮತ್ತೆ ತನ್ನ ಜಾಗಕ್ಕೆ ಹೋಗುತ್ತಾನೆ.

ಈ ಸಲದ ಕೂಟ ಮುಂದಿನ ತಿಂಗಳು ಶುರುವಾಗುತ್ತದೆ. ಎಲ್ಲರಿಗೂ 1500, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಒಬ್ಬನೇ ಎದುರಾಳಿಯೊಂದಿಗೆ ವಾರಕ್ಕೆ ಐದಕ್ಕಿಂತ ಹೆಚ್ಚು ಆಟ ಲೆಕ್ಕಕ್ಕಿಲ್ಲ. ಪ್ರತಿ ಶನಿವಾರ ಲೆಕ್ಕವನ್ನು ಪೂರ್ತಿಯಾಗಿ, ಗುಣಾಕಾರ ಸಮೇತ, ಹಾಸ್ಟೆಲ್ ಗ್ರಂಥಾಲಯದ ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ತಪ್ಪು ಕಂಡವರು ನನ್ನ ಬಳಿ ಬರಬೇಕು, ಮೊದಲ ವರ್ಷದವರಾದರೂ ಸರಿ. ಮೊಬೈಲ್ ಇಲ್ಲದವರಿಗೆ ಸಂಜೆ ಒಂದು ಗಂಟೆ ಕಂಪ್ಯೂಟರ್ ಲ್ಯಾಬ್ ತೆರೆದಿಡಲು ಅಧ್ಯಕ್ಷರು ಒಪ್ಪಿದ್ದಾರೆ. ಈ ಮಾತನ್ನು ಸಭೆಯಲ್ಲಿಯೇ ಹೇಳುತ್ತಿದ್ದೇನೆ, ನೆನಪಿರಲಿ ಎಂದು.

ಒಂದು ವಿಷಯದಲ್ಲಿ ಮಾತ್ರ ನನಗೂ ಆ ಹುಡುಗಿಗೂ ಇನ್ನೂ ಒಪ್ಪಂದವಾಗಿಲ್ಲ. ಪಟ್ಟಿಯ ಕೆಳಗಿನ ಅರ್ಧದ ಹೆಸರುಗಳನ್ನು ಬೋರ್ಡಿಗೆ ಹಾಕಬಾರದು, ಅವರವರ ಸಂಖ್ಯೆಯನ್ನು ಅವರವರಿಗೆ ಮಾತ್ರ ತಿಳಿಸಬೇಕು ಎಂಬುದು ನನ್ನ ವಾದ. ಈಗ ತಾನೇ ಲೆಕ್ಕ ನೋಡುವ ಹಕ್ಕಿನ ಬಗ್ಗೆ ಮಾತಾಡಿದವನು ಹೀಗೆ ಹೇಳುವುದು ವಿಚಿತ್ರ ಎಂದು ನನಗೂ ಗೊತ್ತು. ಅವಳ ವಾದ ಬೇರೆ. "ಅಂದು ನನ್ನ ಹೆಸರು ಹನ್ನೊಂದನೆಯದು ಎಂದು ಎಲ್ಲರಿಗೂ ಕಂಡಿತ್ತು ಸರ್. ಕಂಡದ್ದರಿಂದಲೇ ಲೆಕ್ಕ ತಪ್ಪಿದೆ ಎಂದು ಕೊನೆಗೆ ನಿಮಗೆ ಗೊತ್ತಾಯಿತು." ನಾಳೆ ಬೆಳಿಗ್ಗೆ ಆಡುವವರೆಲ್ಲ ಸೇರಿ ಇದನ್ನು ತೀರ್ಮಾನಿಸಲಿ ಎಂದು ಬಿಟ್ಟಿದ್ದೇವೆ. ಹತ್ತು ಗಂಟೆಗೆ, ಮೇಲಿನ ಹಾಲ್‌ನಲ್ಲಿ.